ಮೂರು ಗಂಟೆ ಬಸ್ಸಿಗೆಂದು ಆರಿಸಿದ ಪಾಠ

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಕಾಲೇಜು ಕಚೇರಿಯ ಕಿಟಕಿಯೊಳಗೆ, ಗುಮಾಸ್ತರ ತಲೆಯ ಮೇಲಿದ್ದ ಗಡಿಯಾರ ಅಷ್ಟು ತೋರಿಸುತ್ತಿತ್ತು. ಒಂದಕ್ಕೆ ಕಿಟಕಿ ಮುಚ್ಚಿಬಿಡುತ್ತಾರೆಂದು ನಾನು ಮತ್ತೆ ಮತ್ತೆ ಅದನ್ನೇ ನೋಡುತ್ತಿದ್ದೆ. ಬಿ.ಎ. ಕೊನೆಯ ಸೆಮಿಸ್ಟರಿಗೆ ಹೆಸರು ನೋಂದಾಯಿಸುವ ಸಾಲು ಅದು. ನನ್ನದು ತಕ್ಷಣ ಮುಗಿಯಿತು. ನನ್ನ ಹಿಂದೆ ನಿಂತಿದ್ದ ಅಕ್ಕನ ಸರದಿ ಬಂದಾಗ ಗುಮಾಸ್ತರು ಕೀಲಿ ಒತ್ತಿದರು, ಕನ್ನಡಕ ಮೇಲೇರಿಸಿದರು, ಮತ್ತೆ ಒತ್ತಿದರು.

“ನಿಮ್ದು ಒಂದು ಓಪನ್ ಎಲೆಕ್ಟಿವ್ ಕಮ್ಮಿ ತೋರಿಸ್ತಾ ಐತೆ ಕಣಮ್ಮ.”

ಅಕ್ಕ ನಕ್ಕಳು. “ಸಾ, ಟೂರಿಸಂ ತಗೊಂಡಿದ್ನಲ್ಲ, ಆ ಪೇಪರಲ್ಲಿ ಕ್ಲಾಸಿಗೇ ಫಸ್ಟ್ ಬಂದೋಳು ನಾನು.”

“ಫಸ್ಟ್ ಬಂದಿದ್ರೂ ನಿಮ್ಗೆ ಲೆಕ್ಕಕ್ಕೆ ಬರಲ್ಲ. ಅದು ನಿಮ್ಮ ಸಬ್ಜೆಕ್ಟಿನದ್ದೇ ಪೇಪರು.”

ಅವಳು ಇನ್ನೂ ನಗುತ್ತಲೇ ಇದ್ದಳು. ನಗು ನಿಲ್ಲಿಸುವುದನ್ನು ಮುಖ ಮರೆತಂತೆ ಇತ್ತು.

ಅವಳು ನನ್ನ ಸ್ವಂತ ಅಕ್ಕನಲ್ಲ. ನಾನು ಅರಕಲಗೂಡು ಪೇಟೆಯವಳು, ಅವಳು ಅಲ್ಲಿಂದ ಹಾಸನದ ದಾರಿಯಲ್ಲಿ ಸಿಗುವ ಒಂದು ಹಳ್ಳಿಯ ಸೊಸೆ. ಪಿಯುಸಿ ಆದಮೇಲೆ ಮದುವೆಯಾಗಿ, ಮಗುವಾಗಿ, ಕೆಲವು ವರ್ಷ ಬಿಟ್ಟು ಮತ್ತೆ ಓದಲು ಬಂದಿದ್ದಳು. ನಮಗಿಂತ ದೊಡ್ಡವಳಾದ್ದರಿಂದ ಇಡೀ ತರಗತಿಗೆ ಅವಳು ಅಕ್ಕ. ಮೊದಲ ದಿನವೇ ಮನೆಗೆ ಮರಳುವ ಬಸ್ಸಿನಲ್ಲಿ ನನಗೆ ಸೀಟು ಹಿಡಿದಿದ್ದಳು. ಅಂದಿನಿಂದ ಬಸ್ಸಿನಲ್ಲೂ ಬೆಂಚಿನಲ್ಲೂ ನಾವು ಪಕ್ಕಪಕ್ಕ.

ಹಾಸನದ ನಮ್ಮ ಕಾಲೇಜಿನಲ್ಲಿ ಊರು ಕೇಳುತ್ತಿರಲಿಲ್ಲ, ಬರುವ ಬಸ್ಸಿನ ಲೈನು ಕೇಳುತ್ತಿದ್ದರು. ಚನ್ನರಾಯಪಟ್ಟಣ ಲೈನಿನವರು ಅದೃಷ್ಟವಂತರು. ಹೆದ್ದಾರಿಯ ಮೇಲೆ ಅವರಿಗೆ ಒಂದರ ಹಿಂದೆ ಒಂದು ಬಸ್ಸು. ಹೊಳೆನರಸೀಪುರದವರಿಗೆ ರೈಲೂ ಇತ್ತು. ಅರಕಲಗೂಡು ಲೈನಿನ ನಮಗೆ ಮೂರು ಗಂಟೆ ಬಸ್ಸು ತಪ್ಪಿದರೆ ಮುಂದಿನದು ಬರುವ ಹೊತ್ತಿಗೆ ಕಚೇರಿಗಳೆಲ್ಲ ಬಿಟ್ಟು, ಬಾಗಿಲಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ ಎಂದಾದ ಮೇಲಂತೂ ಬಸ್ಸು ಯಾವಾಗಲೂ ಜಾತ್ರೆ. ಹೀಗಾಗಿ ಯಾವ ಪಾಠ ತೆಗೆದುಕೊಳ್ಳಬೇಕು ಎಂದು ನಾವು ಮೇಷ್ಟ್ರುಗಳನ್ನು ಕೇಳುತ್ತಿರಲಿಲ್ಲ. ನಮ್ಮ ಲೈನಿನ ಸೀನಿಯರುಗಳನ್ನು ಕೇಳುತ್ತಿದ್ದೆವು. ಅವರು ಪುಸ್ತಕದ ಮಾತೆತ್ತದೆ, ಯಾವುದು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದಷ್ಟೇ ಹೇಳುತ್ತಿದ್ದರು.

ಎರಡನೇ ವರ್ಷದಲ್ಲಿ ಓಪನ್ ಎಲೆಕ್ಟಿವ್ ಆರಿಸಬೇಕಾಯಿತು. ಪ್ರತಿಯೊಬ್ಬರೂ ತಮ್ಮ ಮುಖ್ಯ ವಿಷಯಗಳನ್ನು ಬಿಟ್ಟು ಹೊರಗಿನದೊಂದನ್ನು ಓದಬೇಕು ಎಂಬುದು ಅದರ ಉದ್ದೇಶ. ಇತಿಹಾಸ ವಿಭಾಗದವರು ಪ್ರವಾಸೋದ್ಯಮದ ಪಾಠ ಇಟ್ಟಿದ್ದರು, ಎರಡೂವರೆಗೆ ಬಿಡುತ್ತಿತ್ತು. ಉಳಿದವೆಲ್ಲ ನಾಲ್ಕೂವರೆಯ ತನಕ. ಅರಕಲಗೂಡು ಲೈನು ಪೂರ್ತಿ ಪ್ರವಾಸೋದ್ಯಮಕ್ಕೆ ಸೇರಿತು. ನನ್ನ ಮುಖ್ಯ ವಿಷಯ ಅರ್ಥಶಾಸ್ತ್ರ, ಕನ್ನಡ. ಅಕ್ಕನದು ಇತಿಹಾಸ, ಕನ್ನಡ. ಇತಿಹಾಸದವಳಿಗೆ ಇತಿಹಾಸದವರದೇ ಪಾಠ ಹೊರಗಿನದಾಗುವುದಿಲ್ಲ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಕಚೇರಿಯವರಿಗೂ ಹೊಳೆಯಲಿಲ್ಲ. ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳಿದೆವು. ಆ ಪಾಠದ ಲೆಕ್ಕದಲ್ಲಿ ಶ್ರವಣಬೆಳಗೊಳಕ್ಕೆ ಹೋಗಿ, ಬರಿಗಾಲಲ್ಲಿ ಬೆಟ್ಟ ಹತ್ತಿ, ಕೆಳಗಿಳಿದು ಒಂದೇ ಎಳನೀರನ್ನು ಹಂಚಿಕೊಂಡು ಕುಡಿದೆವು. ನನಗೆ ಲೆಕ್ಕಕ್ಕೆ ಬಂತು, ಅವಳಿಗೆ ಬರಲಿಲ್ಲ.

ಅರ್ಥಶಾಸ್ತ್ರವನ್ನು ನಾನು ಯಾವ ಆಸೆಯಿಂದಲೂ ತೆಗೆದುಕೊಂಡಿರಲಿಲ್ಲ. ಇತಿಹಾಸದ ತರಗತಿ ಬೆಳಿಗ್ಗೆ ಬೇಗ ಶುರುವಾಗುತ್ತಿತ್ತು, ನನಗೆ ಬೇಗ ಏಳಲು ಬೇಸರ, ಅಷ್ಟೆ.

ಆ ಒಂದು ಪಾಠ ಕಮ್ಮಿಯಾದರೆ ಡಿಗ್ರಿ ಒಂದು ವರ್ಷ ಮುಂದೆ ಹೋಗುತ್ತಿತ್ತು. ಅಕ್ಕನಿಗೆ ಒಂದು ವರ್ಷ ಎಂದರೆ ಬರೀ ಒಂದು ವರ್ಷವಲ್ಲ. ಅದು ಏನೆಂದು ನಾನು ಅವಳ ಮನೆಯಲ್ಲೇ ಕೇಳಿದ್ದೆ. ಮೊದಲ ವರ್ಷದ ಗೌರಿ ಹಬ್ಬಕ್ಕೆ ಕರೆದಿದ್ದಳು. ಹೊರಗೆ ಶುಂಠಿ ಹೊಲ, ಒಳಗೆ ನಡುಮನೆಯಲ್ಲಿ ಅವಳ ಅತ್ತೆ ಮೊಮ್ಮಗಳನ್ನು ಕಾಲ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನೂ ಇವಳಂತೆಯೇ ಓದುವವಳೋ ಎಂದು ವಿಚಾರಿಸಿಕೊಂಡು, ಮುಂಚೆಯೇ ತಿಳಿದಿರಲಿ ಎಂಬಂತೆ ನನಗೂ ಹೇಳಿದರು: “ಮೂರ್ ವರ್ಸ ಮಗೀನ ನಾನ್ ನೋಡ್ಕತೀನಿ ಅಂತ ಮಾತ್ ಕೊಟ್ಟಿವ್ನಿ ಕಣವ್ವ. ಆಮ್ಯಾಕೆ ನಾನು ಚನ್ರಾಯಪಟ್ಣದಾಗೆ ನಮ್ಮಕ್ಕನ ತಾವ್ ಇರ್ತೀನಿ. ಯಾರೂ ಕರಿಯಾಕೆ ಬರಬ್ಯಾಡಿ.”

ಅದು ಗದರಿಕೆಯಲ್ಲ. ಅವರ ಅಕ್ಕ ಚನ್ನರಾಯಪಟ್ಟಣದಲ್ಲಿ ಒಬ್ಬರೇ ಇದ್ದು ಹಪ್ಪಳ ಸಂಡಿಗೆ ಮಾಡಿ ಬೆಳಗೊಳದ ಅಂಗಡಿಗಳಿಗೆ ಕೊಡುತ್ತಿದ್ದರು. ತಂಗಿಯೂ ಬಂದರೆ ಇಬ್ಬರೂ ಸೇರಿ ದೊಡ್ಡದಾಗಿ ಮಾಡಬಹುದೆಂದು ಎಷ್ಟೋ ವರ್ಷದಿಂದ ಕರೆಯುತ್ತಿದ್ದರು. ಮಕ್ಕಳ ಮದುವೆ, ಗಂಡನ ಕಾಯಿಲೆ, ಆಮೇಲೆ ಸೊಸೆಯ ಬಾಣಂತನ ಎಂದು ಮುಂದೆ ಹೋಗುತ್ತಲೇ ಇದ್ದ ಮಾತು. ಸೊಸೆ ಓದುತ್ತೇನೆ ಎಂದಾಗ ಅದನ್ನು ಕೊನೆಯ ಸಲ ಮುಂದೆ ಹಾಕಿದ್ದರು. ನಾವು ಡಿಗ್ರಿಗೆ ಮೂರು ವರ್ಷ ಎಂದು ಸುಲಭವಾಗಿ ಹೇಳುತ್ತೇವೆ. ಆ ಮೂರು ವರ್ಷ ಇನ್ನೊಬ್ಬರ ಆಯಸ್ಸಿನಿಂದ ಬಂದದ್ದು ಎಂದು ನಾನು ತಿಳಿದದ್ದು ಆ ಹೆಂಗಸಿನಿಂದ.

ಕಿಟಕಿಯ ಮುಂದೆ ನಿಂತ ಅಕ್ಕನಿಗೆ ಇದೆಲ್ಲ ಒಟ್ಟಿಗೇ ನೆನಪಾಗಿರಬೇಕು. ನಮ್ಮ ಕಾಲೇಜಿನಲ್ಲಿ ಓಪನ್ ಎಲೆಕ್ಟಿವ್ ಇನ್ನು ಶುರುವಾಗುವುದು ಜೂನ್ ಕಳೆದ ಮೇಲೆ. ಅಂದರೆ ಒಂದು ವರ್ಷ ಹಿಂದೆ ಬಿದ್ದಂತೆಯೇ. ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಅವರು ಮೊದಲು ಕಚೇರಿಯವರ ಮೇಲೆ ರೇಗಿದರು, ಆಮೇಲೆ ನಮ್ಮ ಮೇಲೆ, ಆಮೇಲೆ ಯಾರು ಯಾರಿಗೋ ಫೋನು ಮಾಡಿದರು. ಕೊನೆಗೆ ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದವರು ಈ ಸೆಮಿಸ್ಟರಿನಲ್ಲೇ ನರ್ಸರಿ ಗಿಡಗಳ ಪಾಠವೊಂದನ್ನು ನಡೆಸುತ್ತಿದ್ದಾರೆ ಎಂದು ತಿಳಿಯಿತು. ವಿಶ್ವವಿದ್ಯಾಲಯ ಒಪ್ಪಿದರೆ ಅಲ್ಲಿ ಕೂತು ಬರೆಯಬಹುದು. ಒಪ್ಪಿಗೆ ಬರುವ ಹೊತ್ತಿಗೆ ಅಲ್ಲಿ ಕೆಲವು ವಾರದ ಪಾಠ ಮುಗಿದಿತ್ತು. ಆ ಪಾಠದ ಮೇಡಂ ಅಕ್ಕನಿಗೆ ಒಂದೇ ಮಾತು ಹೇಳಿದ್ದರಂತೆ: ಇನ್ನು ಒಂದು ದಿನ ತಪ್ಪಿದರೂ ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸಲು ನನ್ನ ಕೈಯಲ್ಲಿ ಆಗುವುದಿಲ್ಲ.

ಅತ್ತೆಗೆ ವಿಷಯ ಹೇಳಿದಾಗ ಅವರು ಕೇಳಿದ್ದು ಬೇರೆಯದೇ. ಅಕ್ಕ ಬಸ್ಸಿನಲ್ಲಿ ಅವರ ದನಿಯಲ್ಲೇ ಹೇಳಿ ತೋರಿಸಿದಳು: “ಸಸಿ ನೆಡಾದ ಕಲಿಯಾಕೆ ಒಳೆನರಸೀಪುರಕ್ಕೆ ಓಯ್ತಿಯಾ? ನಮ್ಮ ಹೊಲ ಏನಾಗಿತ್ತಮ್ಮಿ ನಿಂಗೆ?”

ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ಅವಳ ದಾರಿ ಮೂರು ಮೂಲೆಯದಾಯಿತು. ಬೆಳಗಿನ ಬಸ್ಸಿಗೆ ಅರಕಲಗೂಡಿಗೆ ಬಂದು, ಅಲ್ಲಿಂದ ಹೊಳೆನರಸೀಪುರ, ಪಾಠ ಮುಗಿಸಿ ಹಾಸನ, ಸಂಜೆ ಹಾಸನದಿಂದ ಊರು. ಅರಕಲಗೂಡಿನ ನಿಲ್ದಾಣದಲ್ಲಿ ನಾನು ಕೆಲವೊಮ್ಮೆ ಅವಳನ್ನು ನೋಡಲು ಹೋಗುತ್ತಿದ್ದೆ. ಅವಳು ಕಾಫಿ ಕುಡಿಯಲೂ ನಿಲ್ಲುತ್ತಿರಲಿಲ್ಲ. ಬಸ್ಸು ಹೊರಡುವ ಮೊದಲೇ ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಅಲ್ಲಿ ಕೂತರೆ ಬಸ್ಸು ಬೇಗ ತಲುಪುತ್ತದೆ ಎಂಬಂತೆ.

ಒಂದು ಶುಕ್ರವಾರದ ಹಿಂದಿನ ಸಂಜೆ ಚನ್ನರಾಯಪಟ್ಟಣದಿಂದ ಫೋನು ಬಂತು. ಅತ್ತೆಯ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಿದ್ದರು. ಅತ್ತೆ ಕತ್ತಲಾಗುವ ಮುಂಚೆಯೇ ಹೊರಟುಬಿಟ್ಟರು. ಹೋಗಬೇಡಿ ಎನ್ನಲು ನಮ್ಮ ಅಕ್ಕನಿಗೆ ಬಾಯಿ ಬರಲಿಲ್ಲ, ಬರಬೇಕಾದ್ದೂ ಅಲ್ಲ. ಅವಳ ಗಂಡ ಶುಂಠಿ ಲೋಡಿನ ಜೊತೆ ದೂರದ ಮಾರುಕಟ್ಟೆಗೆ ಹೋಗಿದ್ದರು. ಬೆಳಿಗ್ಗೆ ನನಗೆ ಫೋನು ಮಾಡಿದಳು. “ಮಗೀನ ಕರ್ಕಂಡ್ ಬತ್ತಿದೀನಿ ಕಣೇ. ಕ್ಲಾಸ್ ಮುಗಿಯೋಗಂಟ ನೀನು ಇಡ್ಕೊಂಡಿರು, ಅಷ್ಟೇಯ.”

ನಾಲ್ಕು ತುಂಬಿದ ಮಗು. ಎರಡು ಜಡೆ, ಕೊರಳಲ್ಲಿ ನೀರಿನ ಬಾಟಲಿ. ಅರಕಲಗೂಡಿನಲ್ಲಿ ನಾವು ಮೂವರೂ ಹತ್ತಿದ ಬಸ್ಸಿನುದ್ದಕ್ಕೂ ಕಿಟಕಿಯಲ್ಲಿ ಕಂಡ ಎಮ್ಮೆಗಳನ್ನೆಲ್ಲ ನನ್ನವು ಎಂದು ಹೇಳಿಕೊಳ್ಳುತ್ತಾ ಬಂತು. ದಾರಿಯಲ್ಲಿ ಜೋಳದ ಮೂಟೆ ಹೇರಿದ ಟ್ರ್ಯಾಕ್ಟರೊಂದು ಅಡ್ಡ ನಿಂತು ನಮ್ಮ ಬಸ್ಸು ತಡವಾಯಿತು. ಊರಿನ ಮೊದಲ ಮನೆಗಳು ಕಾಣುವಾಗಲೇ ಅಕ್ಕ ಎದ್ದು ಬಾಗಿಲ ಹತ್ತಿರ ನಿಂತಿದ್ದಳು.

ಹೊಳೆನರಸೀಪುರದ ನಿಲ್ದಾಣದಲ್ಲಿ ಅವಳು ಮಗುವನ್ನು ಇಳಿಸಿ, ಕೈ ಹಿಡಿದುಕೊಂಡು ಮುಂದೆ ಕಾಲಿಟ್ಟಳು. ನಾನಿನ್ನೂ ಮೆಟ್ಟಿಲ ಮೇಲಿದ್ದೆ, ನನ್ನ ಮುಂದೆ ಒಬ್ಬಾಕೆ ಸೊಪ್ಪಿನ ಕುಕ್ಕೆ ಇಳಿಸುತ್ತಿದ್ದಳು. ಅಕ್ಕನ ಬ್ಯಾಗಿನ ಪಟ್ಟಿ ಬಾಗಿಲ ಹಿಡಿಗೆ ಸಿಕ್ಕಿಕೊಂಡಿತು. ಬಿಡಿಸಲು ಅವಳು ತಿರುಗಿದಳು. ಒಂದು ಕೈಯಲ್ಲಿ ಬರಲಿಲ್ಲ. ಇನ್ನೊಂದು ಕೈಯನ್ನೂ ತಂದಳು. ಮಗು ಏನನ್ನು ನೋಡಿತೋ, ಪಕ್ಕದ ಬಸ್ಸಿನ ಹಿಂದಕ್ಕೆ ನಡೆಯಿತು. ಆ ಬಸ್ಸು ಹಿಂದಕ್ಕೆ ಬರುತ್ತಿತ್ತು. ಹಿಂದೆ ನಿಂತು ಸೀಟಿ ಊದಬೇಕಾದ ಕಂಡಕ್ಟರ್ ಇನ್ನೂ ಇಳಿದಿರಲಿಲ್ಲ.

ನನಗೆ ಎಲ್ಲ ಕಾಣುತ್ತಿತ್ತು. ಎತ್ತರದಲ್ಲಿ ನಿಂತಿದ್ದ ನನಗೊಬ್ಬಳಿಗೇ ಮಗುವೂ ಚಕ್ರವೂ ಒಟ್ಟಿಗೆ ಕಾಣುತ್ತಿತ್ತು. ಬಾಯಿ ತೆರೆದೆ, ಗಾಳಿ ಬಂತು, ದನಿ ಬರಲಿಲ್ಲ.

ಅಕ್ಕ ಹೇಗೆ ತಿರುಗಿದಳೋ ನನಗೆ ತಿಳಿಯದು. ಬ್ಯಾಗು ಕೈಬಿಟ್ಟು ಹಾರಿದಳು, ಮಗುವಿನ ಜಡೆಗೋ ಅಂಗಿಗೋ ಕೈಹಾಕಿ ಎಳೆದು, ತಾನೂ ಬಿದ್ದಳು. ಬ್ಯಾಗಿನಿಂದ ಉರುಳಿದ ಊಟದ ಡಬ್ಬಿ ಚಕ್ರದ ಕೆಳಗೆ ಹೋಯಿತು. ಅದು ಚಪ್ಪಟೆಯಾದ ಸದ್ದು ನನಗೆ ಕೇಳಿಸಿತು. ಆಮೇಲೆ ಯಾರೋ ಬಸ್ಸಿನ ಪಕ್ಕೆಗೆ ಬಡಿದರು, ಬಸ್ಸು ನಿಂತಿತು.

ಡ್ರೈವರ್ ಇಳಿದು ಬಂದು ಬೈದರು. “ಮಗೀನ ಕೈ ಬುಟ್ಬುಟ್ಟು ಎಲ್ ನೋಡ್ತಿದ್ದವ್ವ ನೀನು?” ಅಷ್ಟು ಹೇಳಿ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಗುವಿನ ಮಂಡಿ ತರಚಿತ್ತು, ಬೇರೇನೂ ಆಗಿರಲಿಲ್ಲ. ಅಕ್ಕನ ಮೊಣಕೈಯಿಂದ ರಕ್ತ ಬರುತ್ತಿತ್ತು. ಅವಳು ಮಗುವನ್ನು ಒತ್ತಿ ಹಿಡಿದುಕೊಂಡು, ತಲೆ, ಬೆನ್ನು, ಕಾಲು ಎಲ್ಲ ಮುಟ್ಟಿ ನೋಡಿ, ಎದ್ದಳು. ನಿಲ್ದಾಣದ ಗಡಿಯಾರ ನೋಡಿದಳು. ಮಗುವನ್ನು ನನ್ನ ಕೈಗೆ ಕೊಟ್ಟಳು.

“ಅಟೆಂಡೆನ್ಸ್ ಕೂಗ್ತಾರೆ ಕಣೇ. ಇಡ್ಕೊ.”

ಓಡಿದಳು. ನಾನು ಮಗುವನ್ನು ಎತ್ತಿಕೊಂಡು ಹಿಂದೆ ನಡೆದೆ. ಕಾಲೇಜಿನ ಜಗಲಿಗೆ ತಲುಪುವಾಗ ಒಳಗೆ ಹೆಸರು ಕೂಗುವುದು ಕೊನೆಗೆ ಬಂದಿತ್ತು. ಅವಳದು ಪಟ್ಟಿಯ ಕೊನೆಯಲ್ಲಿ ಸೇರಿಸಿದ ಹೆಸರು. “ಪ್ರೆಸೆಂಟ್ ಮೇಡಂ” ಎಂದ ಅವಳ ದನಿ ಸ್ಪಷ್ಟವಾಗಿತ್ತು. ನಾನು ಕಂಬಕ್ಕೆ ಒರಗಿ ಕೂತೆ. ಮಗು ನನ್ನ ತೊಡೆಯ ಮೇಲೆ ಕೂತು ಡಬ್ಬಿಯಲ್ಲಿ ಏನಿತ್ತು ಎಂದು ಕೇಳುತ್ತಿತ್ತು. ಚಿತ್ರಾನ್ನ ಇತ್ತು ಎಂದೆ.

ಅವಳು ಹಾಗೆ ಓಡಿದ್ದು ಸರಿಯೋ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇನ್ನೊಂದು ಗಳಿಗೆ ಮಗುವನ್ನು ಎತ್ತಿಕೊಂಡು ಕೂರಬಹುದಿತ್ತಲ್ಲ ಎಂದು ಒಮ್ಮೆ ಅನಿಸುತ್ತದೆ. ಕೂತಿದ್ದರೆ ಆ ಬೆಳಗು ಪೂರ್ತಿ ದಂಡವಾಗಿ, ಆಗಿಹೋದದ್ದಕ್ಕೆ ಬೆಲೆಯೇ ಇಲ್ಲದಂತಾಗುತ್ತಿತ್ತು ಎಂದು ಇನ್ನೊಮ್ಮೆ. ಪಾಠ ಮುಗಿಸಿ ಹೊರಗೆ ಬಂದವಳು ಅಲ್ಲೇ ಜಗಲಿಯಲ್ಲಿ ಕೂತು ಮಗುವಿನ ತಲೆಗೆ ಮುಖ ಒತ್ತಿ ಬಹಳ ಹೊತ್ತು ಅತ್ತಳು. ಅವಳ ನೋಟ್ಸಿನಲ್ಲಿ ಅಂದು ಒಂದು ಸಾಲೂ ಇರಲಿಲ್ಲ.

ಅತ್ತೆಗೆ ಹೇಳಬಾರದು ಎಂದು ತೀರ್ಮಾನಿಸಿದಳು. ಹೇಳಿದರೆ ಓದು ಅಲ್ಲಿಗೇ ನಿಲ್ಲುತ್ತದೆ ಎಂಬ ಹೆದರಿಕೆ. ಮಗುವಿಗೆ ಚಾಕೊಲೇಟು ಕೊಡಿಸಿ ಹೇಳಬೇಡ ಎಂದದ್ದೂ ಆಯಿತು. ಭಾನುವಾರ ಅತ್ತೆ ಊರಿಗೆ ಬರುತ್ತಾರೆ, ನೀನೂ ಬಾ, ನನಗೆ ಒಬ್ಬಳಿಗೇ ಅವರ ಮುಖ ನೋಡಲಾಗದು ಎಂದಳು. ನಾನು ಹೋದೆ. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಮಗು ಅವರ ಸೀರೆ ಹಿಡಿದು ಹೇಳಿತು: “ಅಜ್ಜಿ, ಬಸ್ಸು ನಮ್ ಡಬ್ಬಿ ತಿಂದ್ಬುಡ್ತು. ನನ್ನ ತಿನ್ಲಿಲ್ಲ.”

ಅತ್ತೆ ಮೊದಲು ಮಗುವಿನ ಮಂಡಿ ನೋಡಿದರು, ಆಮೇಲೆ ಸೊಸೆಯ ಮೊಣಕೈಯ ಪಟ್ಟಿ, ಆಮೇಲೆ ನನ್ನನ್ನು. ಅಕ್ಕ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದಳು. ಕೊನೆಯಲ್ಲಿ, “ಸಾಕತ್ತೆ. ನಾನು ಬುಟ್ಬುಡ್ತೀನಿ. ನೀವು ಓಗಿ ನಿಮ್ಮಕ್ಕನ ತಾವ” ಎಂದಳು.

ಅತ್ತೆ ಬೈಯಲಿಲ್ಲ. ಕೈಕಾಲು ತೊಳೆದು ಬಂದು, ನೀರು ಕುಡಿದು, ಲೋಟವನ್ನು ಬೋರಲು ಹಾಕಿದರು.

“ಮೂರ್ ವರ್ಸ ಆಗೈತಾ ಇನ್ನೂವೆ?”

“ಇಲ್ಲ.”

“ಮತ್ತೆ ನನ್ನ ಯಾಕ್ ಓಡುಸ್ತೀಯಾ? ನಂದಿನ್ನೂ ಬಾಕಿ ಐತೆ.”

ಮಾರನೆಯ ದಿನವೇ ಅವರು ಚನ್ನರಾಯಪಟ್ಟಣಕ್ಕೆ ಹೋಗಿ, ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ತಮ್ಮ ಅಕ್ಕನನ್ನು ಹಪ್ಪಳದ ಮಣೆಯ ಸಮೇತ ಬಸ್ಸು ಹತ್ತಿಸಿಕೊಂಡು ಬಂದರು. ಆ ಬೇಸಿಗೆ ಹಪ್ಪಳದ ಕೆಲಸ ಹಳ್ಳಿಯ ಮನೆಯ ತಾರಸಿಯ ಮೇಲೆ ನಡೆಯಿತು. ಒಬ್ಬರು ಒಂದು ಕೈಯಲ್ಲಿ ಉಂಡೆ ಮಾಡುವುದು, ಇನ್ನೊಬ್ಬರು ಒತ್ತುವುದು, ಮಗು ಕಾಗೆ ಓಡಿಸುವುದು. ಒಣಗಿದ್ದನ್ನು ಅಕ್ಕ ಶುಕ್ರವಾರ ಹಾಸನಕ್ಕೆ ಹೊತ್ತು ತಂದು ಚನ್ನರಾಯಪಟ್ಟಣ ಲೈನಿನ ಹುಡುಗಿಯೊಬ್ಬಳ ಕೈಲಿ ಬೆಳಗೊಳಕ್ಕೆ ಕಳಿಸುತ್ತಿದ್ದಳು. ನಮ್ಮ ಬೆಂಚಿನಲ್ಲಿ ಜೀರಿಗೆಯ ವಾಸನೆ ಬರುತ್ತಿತ್ತು. ಅತ್ತೆಯ ಅಕ್ಕ ನನ್ನನ್ನು ಕಂಡಾಗಲೆಲ್ಲ, “ನನ್ನೂ ಕಾಲೇಜಿಗೆ ಸೇರಿಸ್ಬುಟ್ರು ಕಣವ್ವ ಈ ವಯಸ್ನಾಗೆ” ಎಂದು ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸುತ್ತಿದ್ದರು.

ಅಕ್ಕ ಆಮೇಲೆ ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ತಪ್ಪುತ್ತಿದ್ದದ್ದು ನನ್ನ ನಿದ್ದೆ. ಕಣ್ಣು ಹತ್ತುತ್ತಿದ್ದಂತೆ ಆ ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ, ಬಾಯಿ ತೆರೆದಿರುತ್ತಿತ್ತು. ಡಬ್ಬಿಯ ಸದ್ದಿಗೆ ಎಚ್ಚರವಾಗುತ್ತಿತ್ತು. ಮನೆಯಲ್ಲಿ ಪರೀಕ್ಷೆಯ ಭಯ ಎಂದುಕೊಂಡರು. ನಾನೂ ಹಾಗೇ ಹೇಳಿದೆ. ಎಚ್ಚರವಾದ ಮೇಲೆ ಮನಸ್ಸು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿತ್ತು: ಟ್ರ್ಯಾಕ್ಟರ್ ಅಡ್ಡ ಬರದಿದ್ದರೆ, ಅತ್ತೆಯ ಅಕ್ಕ ಬಚ್ಚಲಲ್ಲಿ ಜಾರದಿದ್ದರೆ, ಎರಡನೇ ವರ್ಷದಲ್ಲಿ ಯಾರಾದರೂ ಒಬ್ಬರು ಬಸ್ಸಿನ ವೇಳೆಯ ಬದಲು ನಿಯಮ ಕೇಳಿದ್ದರೆ. ಎಲ್ಲ ದಾರಿಯೂ ಆ ಮೂರು ಗಂಟೆ ಬಸ್ಸಿಗೇ ಹೋಗಿ ನಿಲ್ಲುತ್ತಿತ್ತು. ಆದರೆ ಅಕ್ಕ ಆ ಬಸ್ಸನ್ನು ಆರಿಸಿದ್ದೂ ಮಗುವಿನ ಹತ್ತಿರ ಬೇಗ ಹೋಗಬೇಕೆಂದೇ. ಅಲ್ಲಿಗೆ ಬಂದಾಗ ಯೋಚನೆ ಮುಂದೆ ಹೋಗುತ್ತಿರಲಿಲ್ಲ.

ಪರೀಕ್ಷೆ ಮುಗಿದ ದಿನ ಅತ್ತೆ ತಮ್ಮ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದರು. ಅವರ ಅಕ್ಕ ಕೈ ವಾಸಿಯಾಗಿ ಆಗಲೇ ಹಿಂದಿರುಗಿದ್ದರು. ಮೂರು ವರ್ಷ ಮುಗಿದಿತ್ತು, ಯಾರೂ ತಡೆಯುವಂತಿರಲಿಲ್ಲ. ಆದರೂ ಬ್ಯಾಗು ಬಾಗಿಲ ಪಕ್ಕದಲ್ಲಿ ಹಾಗೇ ಇತ್ತು. ಇವತ್ತು ಬಿಸಿಲು, ನಾಳೆ ಅಮಾವಾಸ್ಯೆ, ನಾಡಿದ್ದು ಮೊಮ್ಮಗಳ ಶಾಲೆ ಶುರು ಎಂದು ದಿನಕ್ಕೊಂದು ನೆಪ ಹೇಳುತ್ತಿದ್ದರಂತೆ. ಫಲಿತಾಂಶದ ಮಾತನ್ನು ಅವರು ಒಮ್ಮೆಯೂ ಎತ್ತಲಿಲ್ಲ.

ಫಲಿತಾಂಶ ಬಂದಾಗ ಅಕ್ಕ ತನ್ನ ಮೊಬೈಲಿನಲ್ಲಿ ನೋಡಲು ಧೈರ್ಯ ಸಾಲದೆ ಸಂಖ್ಯೆಯನ್ನು ನನಗೆ ಕಳಿಸಿದಳು. ಎಲ್ಲ ಪತ್ರಿಕೆಗಳೂ ಪಾಸಾಗಿದ್ದವು. ಪ್ರವಾಸೋದ್ಯಮದಲ್ಲಿ ಮೊದಲು ಬಂದವಳು ನರ್ಸರಿ ಗಿಡಗಳಲ್ಲಿ ಹೇಗೋ ದಡ ಸೇರಿದ್ದಳು. ಫೋನು ಮಾಡಿ ಹೇಳಿದೆ. ಆ ಕಡೆ ಅವಳ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: “ಏನಂತೆ? ಸಸಿ ಬೇರ್ ಬುಟ್ತಾ?”

ಮಾರನೆಯ ದಿನ ಅತ್ತೆ ಹೊರಟರು. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಚನ್ನರಾಯಪಟ್ಟಣಕ್ಕೆ ಹೋಗುವುದೆಂದಾಯಿತು. ಕಳಿಸಿಕೊಡಲು ಅಕ್ಕ, ಮಗು, ಜೊತೆಗೆ ನಾನು. ಆ ನಿಲ್ದಾಣಕ್ಕೆ ನಾನು ಮತ್ತೆ ಹೋಗಿರಲಿಲ್ಲ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದ ಕೈ ಬಿಡಲು ಸ್ವಲ್ಪ ಹೊತ್ತು ಬೇಕಾಯಿತು. ಮಗುವಿನ ಒಂದು ಕೈ ಅಜ್ಜಿಯ ಕೈಯಲ್ಲಿ, ಇನ್ನೊಂದು ಅಮ್ಮನ ಕೈಯಲ್ಲಿತ್ತು. ಚನ್ನರಾಯಪಟ್ಟಣದ ಬಸ್ಸು ಹಿಂದಕ್ಕೆ ಬಂತು. ಕಂಡಕ್ಟರ್ ಹಿಂದೆ ನಿಂತು ಸೀಟಿ ಊದುತ್ತಿದ್ದರು. ಮಗು ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದು, ಇಬ್ಬರನ್ನೂ ಎಳೆಯಿತು. ನನ್ನ ಕಡೆ ತಿರುಗಿ, “ನೀನೂ ಇಂದಕ್ ಬಾ” ಎಂದಿತು. ನಾನು ಹಿಂದಕ್ಕೆ ಬಂದೆ.

ಅತ್ತೆ ಕಿಟಕಿ ಪಕ್ಕ ಕೂತರು. ಬಿ.ಎಡ್. ಅರ್ಜಿಗೆ ಕೊನೆಯ ದಿನ ಯಾವಾಗ ಎಂದು ಸೊಸೆಯನ್ನು ಕೇಳಿದರು. ಯಾವ ಪಾಠ ತಗೊಂಡರೂ ಈ ಸಲ ಮೊದಲು ವಿಚಾರಿಸು, ಬಸ್ಸು ಆಮೇಲೆ ಎಂದರು. ಮಗು ಶಾಲೆ ಬಿಟ್ಟ ಮೇಲೆ ಅವರಪ್ಪ ಕರೆದುಕೊಂಡು ಬರಲಿ, ಶುಂಠಿ ಓಡಿಹೋಗುವುದಿಲ್ಲ ಎಂದರು. ಬಸ್ಸು ಹೊರಟಾಗ ಕೈ ಬೀಸಲಿಲ್ಲ. ಮಡಿಲಲ್ಲಿದ್ದ ಬ್ಯಾಗನ್ನು ಸರಿಮಾಡಿಕೊಂಡು ನೇರವಾಗಿ ಮುಂದೆ ನೋಡುತ್ತಾ ಕೂತಿದ್ದರು, ಮೊದಲ ದಿನ ಕಾಲೇಜಿಗೆ ಹೊರಟವರ ಹಾಗೆ.

ಅಂದು ರಾತ್ರಿ ನಾನು ಬೇಗ ಮಲಗಿದೆ. ಎಚ್ಚರವಾದಾಗ ಕೋಣೆಯೊಳಗೆ ಬಿಸಿಲು ಬಂದಿತ್ತು, ಅಮ್ಮ ಕಾಫಿ ಆರಿಹೋಯಿತೆಂದು ಗೊಣಗುತ್ತಿದ್ದರು.